ದೊರೆಯ ಹಾಸೂ ಅಗ್ಗೇಶನ ಕೊಟೇಶನ್ನೂ

"ಈ ಮನೆಯ ದುಡ್ಡು ಇನ್ನು ಮುಂದೆ ಒಂದು ಮೊಲದ ಉಚ್ಚೆಯಲ್ಲಿ ಹರಿದುಹೋಗೋದಿಲ್ಲ! ಇದು ನನ್ನ ಪ್ರತಿಜ್ಞೆ!"

ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈಯಲ್ಲಿ ಸಾಕುಪ್ರಾಣಿ ಅಂಗಡಿಯ ಖಾಲಿ ಚೀಲ ಹಿಡಿದು ಭಾನುವಾರ ಬೆಳಗ್ಗೆ ಅಗ್ಗೇಶ ಹೀಗೆ ಗರ್ಜಿಸಿದಾಗ ಸಭೆಯಲ್ಲಿ ಇದ್ದವರು ಇಬ್ಬರೇ. ಒಬ್ಬಳು ಅವನ ಹೆಂಡತಿ. ಕಾಲಿನ ಉಗುರು ಕತ್ತರಿಸಿಕೊಳ್ಳುತ್ತಿದ್ದಳು. ಇನ್ನೊಬ್ಬರು ಸಾಕ್ಷಾತ್ ಆರೋಪಿ, ಅಂದರೆ ಮೊಲ. ಅದು ತನ್ನ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಕೂತು ಮುಂದಿನಿಂದ ಹುಲ್ಲು ಒಳಗೆ ತಗೊಳ್ಳುತ್ತ, ಹಿಂದಿನಿಂದ ಹಿಕ್ಕೆ ಹೊರಗೆ ಹಾಕುತ್ತ, ಪ್ರತಿಜ್ಞೆಯ ಬಗ್ಗೆ ತನ್ನ ಅಭಿಪ್ರಾಯವನ್ನು ಕಾಳು ಕಾಳಾಗಿ ಮಂಡಿಸುತ್ತಿತ್ತು.

ಅಗ್ಗೇಶ ಅಂತ ಯಾವ ಹೆತ್ತವರೂ ಹೆಸರಿಡುವುದಿಲ್ಲ. ಅದು ಸಂಪಾದಿಸಿದ ಬಿರುದು. ತಕ್ಕಡಿ ತಯಾರಿಸುವ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಅವನಿಗೆ ನೌಕರಿ. ಮೂರು ಕಡೆಯಿಂದ ಕೊಟೇಶನ್ ತರಿಸದೆ ಒಂದು ಗುಂಡುಸೂಜಿಯನ್ನೂ ಕೊಂಡವನಲ್ಲ. 'ಸ್ಯಾಂಪಲ್ ಕಳಿಸಿ, ನೋಡೋಣ' ಅಂತ ಹೇಳಿ ಹೇಳಿ, ಬಂದ ಸ್ಯಾಂಪಲ್ ಸ್ಕ್ರೂಗಳಲ್ಲೇ ಮನೆಯ ಕುರ್ಚಿಗಳನ್ನೆಲ್ಲ ರಿಪೇರಿ ಮಾಡಿಕೊಂಡಿದ್ದ ಧೀರ. ಅವನ ಚೌಕಾಸಿಗೆ ಸಿಕ್ಕಿ ರಸ ತೆಗೆದ ನಿಂಬೆಹಣ್ಣಿನಂತಾದ ವ್ಯಾಪಾರಿಗಳೇ ಸೇರಿ ಇಟ್ಟ ಹೆಸರು ಅಗ್ಗೇಶ. ಬೈಗುಳ ಅಂತ ಅವರು ಇಟ್ಟರು, ಪದವಿ ಅಂತ ಇವನು ಇಟ್ಟುಕೊಂಡ.

ಅವನ ಹೆಂಡತಿಯದು ವಾಷಿಂಗ್ ಮೆಷಿನ್ ಕಂಪನಿಯೊಂದರ ದೂರು ವಿಭಾಗ. ದಿನವಿಡೀ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರವರ ಬೈಗುಳ ಕೇಳುವ ಕೆಲಸ. ಅದರಿಂದ ಅವಳಿಗೊಂದು ವಿಚಿತ್ರ ವಿದ್ಯೆ ಒಲಿದಿತ್ತು. ಸಿಟ್ಟು ಏರಿದಷ್ಟೂ ಅವಳ ದನಿ ಜೇನಾಗುತ್ತಿತ್ತು! 'ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ' ಅಂತ ಅವಳು ಮೆಲ್ಲಗೆ ಅಂದಳೆಂದರೆ, ಅಗ್ಗೇಶ ತನ್ನ ದಿಂಬು ಎತ್ತಿಕೊಂಡು ಸೋಫಾದ ದಾರಿ ಹಿಡಿಯುತ್ತಿದ್ದ.

ಮೊಲದ ಹೆಸರು ದೊರೆ. ಮದುವೆಗೆ ಮುಂಚಿನಿಂದಲೂ ಅವಳ ಜೊತೆಗಿದ್ದ ಪ್ರಾಣಿ. ಒಂಟಿ ಕೋಣೆಯ ಬಾಡಿಗೆ ಮನೆಯಲ್ಲಿ, ನೂರು ಜನರ ಬೈಗುಳ ತಿಂದು ಬಂದವಳನ್ನು ಮೂಗು ಅಲ್ಲಾಡಿಸಿ ಎದುರುಗೊಳ್ಳುತ್ತಿದ್ದದ್ದು ಅದೊಂದೇ. ಹಾಗಾಗಿ ಆ ಮನೆಯಲ್ಲಿ ಸ್ಥಾನಮಾನದ ಪ್ರಶ್ನೆ ಎದ್ದರೆ ದೊರೆ ಮೊದಲು, ಫ್ರಿಜ್ ಎರಡನೆಯದು. ಮೂರನೆಯ ಸ್ಥಾನಕ್ಕೆ ಅಗ್ಗೇಶನೂ ಮಿಕ್ಸಿಯೂ ಪೈಪೋಟಿ ನಡೆಸಿದ್ದರು.

"ರೀ, ಬೇರೆ ಎಲ್ಲಿ ಬೇಕಾದ್ರೂ ಉಳಿಸಿ. ಹಾಸಿನ ವಿಷಯಕ್ಕೆ ಕೈ ಹಾಕ್ಬೇಡಿ" ಅಂದಳು ಹೆಂಡತಿ. "ತೊಟ್ಟಿಯ ತಳಕ್ಕೆ ಹಾಕೋ ಆ ಕಾಗದದ ಹಾಸು ದುಬಾರಿ ನಿಜ. ಆದ್ರೆ ಮೊಲ ತಾನು ಕೂತ ಜಾಗಾನೇ ತಿನ್ನತ್ತೆ."

"ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು ಅಂತ ಕೇಳಿದ್ದೆ. ಇದು ಕೂತಿದ್ದನ್ನೇ ಉಣ್ಣತ್ತಾ! ನಮ್ಮ ಮ್ಯಾನೇಜರ್ ವಂಶದ್ದೇ ಇರ್ಬೇಕು."

"ತಮಾಷೆ ಅಲ್ಲ. ಅದರ ಹೊಟ್ಟೆ ಬಹಳ ಸೂಕ್ಷ್ಮ."

"ಹೊಟ್ಟೆ ಸೂಕ್ಷ್ಮ ಆದ್ರೆ ಹೊಟ್ಟು ಹಾಕೋಣ! ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ದೊಡ್ಡವರು ಹೇಳಿದ್ದು ನಾಲ್ಕು ಕಾಲಿನವರಿಗೂ ಅನ್ವಯಿಸತ್ತೆ."

"ಸರಿ, ನೀವು ಹಿಡಿದ ಮೊಲಕ್ಕೆ ಮೂರೇ ಕಾಲು."

"ಇದು ನಾನು ಹಿಡಿದಿದ್ದಲ್ಲ, ನೀನು ತಂದಿದ್ದು. ನಾಲ್ಕು ಕಾಲೂ ಸರಿಯಾಗಿವೆ. ನಾಲ್ಕೂ ನನ್ನ ಸಂಬಳದ ಮೇಲಿವೆ!"

ಅವಳು ಉಗುರುಗಳನ್ನು ಕಾಗದದಲ್ಲಿ ಸುತ್ತಿ ಎದ್ದಳು. "ಅದಕ್ಕೆ ಏನಾದ್ರೂ ಆದ್ರೆ…" ಅಂತ ಶುರುಮಾಡಿದವಳು ಪೂರ್ತಿ ಮಾಡಲಿಲ್ಲ. ಮುಗಿಸಿದ್ದರೆ ಅಗ್ಗೇಶ ಹೆದರುತ್ತಿದ್ದನೋ ಏನೋ.

ಸೋಮವಾರ ಊಟದ ಬಿಡುವಿನಲ್ಲಿ ಅಗ್ಗೇಶ ಫೋನು ಹಿಡಿದು ಕೂತ. ಕಾಸು ಕೊಟ್ಟು ಕೊಳ್ಳುವ ಯೋಚನೆಯೇ ಅವನಿಗಿರಲಿಲ್ಲ. ಹಾಸು ಮಾರುವವರು ಲೋಕದಲ್ಲಿ ಎಷ್ಟು ಜನ ಇದ್ದಾರೋ ಅಷ್ಟೂ ಜನರಿಂದ ಸ್ಯಾಂಪಲ್ ತರಿಸುತ್ತ ಹೋದರೆ ದೊರೆಯ ಆಯುಷ್ಯ ಮುಗಿದರೂ ಸ್ಯಾಂಪಲ್ ಮುಗಿಯುವುದಿಲ್ಲ! ಇದು ಅವನ ಲೆಕ್ಕಾಚಾರ. ಆದರೆ ಒಂದು ಮೊಲ ಸಾಕುವವನಿಗೆ ಯಾರು ಸ್ಯಾಂಪಲ್ ಕೊಡುತ್ತಾರೆ?

"ನಮ್ಮದು ಮೊಲದ ಫಾರ್ಮ್" ಅಂದ ಅಗ್ಗೇಶ, ಗಂಟಲನ್ನು ಒಂದು ಮೆಟ್ಟಿಲು ಕೆಳಗಿಳಿಸಿ.

"ಓಹೋ! ಎಷ್ಟು ಮೊಲ ಇವೆ ಸಾರ್?" ಅಂತು ಆ ಕಡೆಯ ದನಿ. ಅದು ಮರದ ಹೊಟ್ಟನ್ನು ಬಿಸಿಮಾಡಿ, ಒತ್ತಿ, ಬೆರಳುಗಾತ್ರದ ಗುಳಿಗೆ ಮಾಡಿ ಒಲೆ ಉರಿಸಲು ಮಾರುವ ಕಂಪನಿ.

ಇಲ್ಲಿ 'ಒಂದು' ಅಂದಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಅವನ ಮುಂದಿನ ಗೋಳೂ ಇರುತ್ತಿರಲಿಲ್ಲ.

"ಸಾವಿರದ ಮೇಲಿವೆ" ಅಂದ. "ಇಷ್ಟೇ ಅಂತ ಸರಿಯಾಗಿ ಹೇಳಕ್ಕಾಗಲ್ಲ ಕಣಪ್ಪ. ಮೊಲ ಅಲ್ವಾ? ಹೇಳೋ ಹೊತ್ತಿಗೆ ಹೆಚ್ಚಾಗಿರತ್ತೆ!"

ಆ ಕಡೆ ಕುರ್ಚಿಯಿಂದ ಎದ್ದು ನಿಂತ ಸದ್ದು. ಆಮೇಲೆ, "ಇವತ್ತೇ ಕಳಿಸ್ತೀವಿ ಸಾರ್. ವಿಳಾಸ ಹೇಳಿ" ಅಂತು ದನಿ.

ಹೀಗೆ ಒಂದಾದ ಮೇಲೊಂದು ಮಾಲು ಬಂತು. ಮರ ಕೊಯ್ಯುವ ಕಡೆಯಿಂದ ಹಸಿ ಹೊಟ್ಟು, ರಾಳದ ಘಮಘಮದೊಂದಿಗೆ. ಒಲೆ ಕಂಪನಿಯಿಂದ ಗುಳಿಗೆ. ಇನ್ನೊಂದು ಕಡೆಯಿಂದ ಬೂದು ಬಣ್ಣದ ಮಣ್ಣಿನ ಮರಳು. ಒದ್ದೆಯಾದ ಕಡೆ ತಾನೇ ಉಂಡೆ ಕಟ್ಟಿಕೊಳ್ಳುತ್ತದಂತೆ, ಉಂಡೆ ಎತ್ತಿ ಎಸೆದರಾಯಿತಂತೆ! ಇಂಥ ಬುದ್ಧಿವಂತ ಮಣ್ಣನ್ನು ಅಗ್ಗೇಶ ಹುಟ್ಟಿದಾರಭ್ಯ ನೋಡಿರಲಿಲ್ಲ. ಚೀಲದ ಮೇಲೆ ಒಂದು ಬೆಕ್ಕು ಹಲ್ಲು ಕಿರಿಯುತ್ತಿತ್ತು.

ಕಾರ್ಖಾನೆಯಲ್ಲಿ ಯಂತ್ರಕ್ಕೆ ಎಣ್ಣೆ ಆರಿಸುವಾಗ ಸ್ಯಾಂಪಲ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಪದ್ಧತಿ. ಅದನ್ನೇ ಮನೆಗೂ ತಂದ. ದೊರೆಯ ತೊಟ್ಟಿಗೆ ರಟ್ಟಿನ ಗೋಡೆ ನಿಲ್ಲಿಸಿ ಕೋಣೆ ಕೋಣೆ ಮಾಡಿದ. ಒಂದರಲ್ಲಿ ಹೊಟ್ಟು, ಒಂದರಲ್ಲಿ ಗುಳಿಗೆ, ಒಂದರಲ್ಲಿ ಬುದ್ಧಿವಂತ ಮಣ್ಣು. ದೊರೆ ಒಂದು ಕೋಣೆಯಲ್ಲಿ ಮುಂಗಾಲು, ಪಕ್ಕದ ಕೋಣೆಯಲ್ಲಿ ಹಿಂಗಾಲು ಇಟ್ಟು, ಗೋಡೆಯ ಮೇಲೆ ಹೊಟ್ಟೆ ಊರಿ, ಗಡಿ ವಿವಾದದಲ್ಲಿ ಸಿಕ್ಕ ಅಧಿಕಾರಿಯ ಹಾಗೆ ಕೂತಿತು. ಹೊಟ್ಟನ್ನು ಮೂಸಿ ಸೀನಿತು. ಮಣ್ಣನ್ನು ಮೂಸಿ ನೆಕ್ಕಿತು.

ಹೆಂಡತಿ ಕೆಲಸದಿಂದ ಬರುವ ಸದ್ದು ಕೇಳಿದ್ದೇ ಅಗ್ಗೇಶ ಚೀಲದ ಮೇಲಿನ ಬೆಕ್ಕನ್ನು ಪರಪರ ಹರಿದು ಜೇಬಿಗಿಳಿಸಿದ.

"ಇದೇನು ಬೂದಿ?"

"ಖನಿಜ" ಅಂದ ಗಂಭೀರವಾಗಿ. "ನೈಸರ್ಗಿಕ ಖನಿಜ."

"ಬೆಕ್ಕಿನ ಕಕ್ಕಸಿಗೆ ಹಾಕೋ ಮರಳಲ್ಲ ತಾನೆ? ಅದು ಮೊಲದ ಹೊಟ್ಟೆಗೆ ಹೋಗ್ಬಾರ್ದು."

"ಬೆಕ್ಕಾ? ಎಲ್ಲಿದೆ ಬೆಕ್ಕು? ತೋರ್ಸು!" ಅಂತ ಚೀಲವನ್ನು ತಿರುಗಿಸಿ ತಿರುಗಿಸಿ ತೋರಿಸಿದ. ಬೆಕ್ಕು ಅವನ ಜೇಬಿನಲ್ಲಿತ್ತು.

ಅವಳು ನಂಬಿದಳು. ಜಗತ್ತಿನ ದೂರುಗಳನ್ನೆಲ್ಲ ಅನುಮಾನದಿಂದ ಕೇಳುವವಳು ಗಂಡನ ಮಾತನ್ನು ಮಾತ್ರ ನಂಬಿದಳು. ಅಗ್ಗೇಶನಿಗೆ ಆ ಕ್ಷಣ ಅದು ಗೆಲುವು ಅನ್ನಿಸಿತು.

ಶನಿವಾರ ಬೆಳಗ್ಗೆ ದೊರೆ ಹುಲ್ಲು ಮುಟ್ಟಲಿಲ್ಲ. ಕೊತ್ತಂಬರಿ ತೋರಿಸಿದರೆ ಮುಖ ತಿರುಗಿಸಿತು. ಮೂಲೆಯಲ್ಲಿ ಬೆನ್ನು ಗೂನು ಮಾಡಿ, ಕಣ್ಣು ಅರ್ಧ ಮುಚ್ಚಿ ಕೂತಿತು. ತೊಟ್ಟಿಯ ಯಾವ ಕೋಣೆಯಲ್ಲೂ ಒಂದು ಹಿಕ್ಕೆ ಇಲ್ಲ. ದಿನಾ ಸೋಫಾದ ಕೆಳಗೆ, ಚಪ್ಪಲಿಯೊಳಗೆ, ಒಮ್ಮೆ ಅಗ್ಗೇಶನ ಊಟದ ಡಬ್ಬಿಯ ಪಕ್ಕದಲ್ಲೂ ಧಾರಾಳವಾಗಿ ಬೀಳುತ್ತಿದ್ದ ಹಿಕ್ಕೆ!

"ಒಳ್ಳೇದೇ ಆಯ್ತಲ್ಲ, ಹಾಸಿನ ಖರ್ಚೇ ಇಲ್ಲ" ಅನ್ನಬೇಕೆಂದು ಅವನ ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿಯ ಮುಖ ನೋಡಿ ನುಂಗಿಕೊಂಡ. ಅವನ ಜೀವಮಾನದಲ್ಲಿ ಅವನು ಮಾಡಿದ ಅತಿ ಲಾಭದಾಯಕ ಉಳಿತಾಯ ಅದೊಂದೇ.

ಪಶುವೈದ್ಯೆ ದೊರೆಯ ಹೊಟ್ಟೆ ಒತ್ತಿದರು, ಕಿವಿ ಕೊಟ್ಟು ಕೇಳಿದರು, ಎಕ್ಸ್‌ರೇ ತೆಗೆದರು. "ಹೊಟ್ಟೆ ನಿಂತುಬಿಟ್ಟಿದೆ" ಅಂದರು. "ಮೊಲಕ್ಕೆ ಇದು ಸಣ್ಣ ವಿಷಯ ಅಲ್ಲ. ಏನು ಹಾಸಿದ್ರಿ?"

"ಕೆಲವು… ಮಾದರಿಗಳು" ಅಂದ ಅಗ್ಗೇಶ, ಹೊಟ್ಟು, ಗುಳಿಗೆ ಕಟ್ಟಿ ತಂದಿದ್ದ ಪೊಟ್ಟಣವನ್ನು ಮುಂದಿಟ್ಟು.

"ಬೆಕ್ಕಿನ ಮರಳು ಏನಾದ್ರೂ?"

"ಇಲ್ಲ ಡಾಕ್ಟ್ರೇ" ಅಂದಳು ಹೆಂಡತಿ ತಟ್ಟನೆ. "ನಾನೇ ಇವರನ್ನ ಕೇಳಿದ್ದೆ. ಅಲ್ಲ ಅಂದ್ರು."

ಅಗ್ಗೇಶನ ಕೈ ತಾನಾಗಿ ಜೇಬಿಗೆ ಹೋಯಿತು. ಮಡಿಸಿ ಮುದುಡಿದ ಬೆಕ್ಕು ಹೊರಗೆ ಬಂದು ಮೇಜಿನ ಮೇಲೆ ಬಿಚ್ಚಿಕೊಂಡು ಹಲ್ಲು ಕಿರಿಯಿತು.



"ಮಾಹಿತಿ ನೀಡಿದ್ದಕ್ಕಾಗಿ ಧನ್ಯವಾದಗಳು" ಅಂದಳು ಹೆಂಡತಿ. ಶುದ್ಧ ಜೇನು! "ದಯವಿಟ್ಟು ಲೈನಿನಲ್ಲೇ ಇರಿ."

ವೈದ್ಯೆಗೆ ಅಷ್ಟು ಸೌಜನ್ಯ ಇರಲಿಲ್ಲ. "ಅಲ್ಲಾ ಸ್ವಾಮಿ, ನೀರು ತಾಗಿದ್ರೆ ಉಂಡೆ ಕಟ್ಟೋ ಮಣ್ಣು ಹೊಟ್ಟೆಯೊಳಗೆ ಹೋದ್ರೆ ಅಲ್ಲೇನು ಲಡ್ಡು ಕಟ್ಟತ್ತಾ? ರಾಳದ ವಾಸನೆಯ ಹಸಿ ಹೊಟ್ಟೂ ಅಷ್ಟೇ, ಧೂಳು ಬೇರೆ! ಇದೇನಿದು, ಗುಳಿಗೆನೂ ಹಾಕಿದ್ರಾ? ಬಿಸಿಯಲ್ಲಿ ಒಣಗಿಸಿದ್ದು, ಬೇರೇನೂ ಬೆರೆಸದಿದ್ದು? ಮೇಲೆ ಹುಲ್ಲು ಹರಡಿ ಇದೊಂದನ್ನೇ ಹಾಕಿದ್ರೆ ನನ್ನ ಹತ್ರ ಬರೋದೇ ಬೇಡವಾಗಿತ್ತು. ಅಂಗಡಿ ಹಾಸಿಗಿಂತ ಅಗ್ಗ ಕೂಡ."

ಅಗ್ಗ! ಆ ಪದ ಕೇಳಿ ಅಗ್ಗೇಶನಿಗೆ ಮೊದಲ ಬಾರಿಗೆ ಅಳು ಬಂತು. ಕೈಯಲ್ಲೇ ಇತ್ತು, ಬಾಯಿಗೆ ಬರಲಿಲ್ಲ.

"ಎಕ್ಸ್‌ರೇಯಲ್ಲಿ ಮಣ್ಣಿನ ಉಂಡೆ ಕಾಣಿಸ್ತಿಲ್ಲ, ಆದ್ರೂ ಧೈರ್ಯ ಹೇಳಲ್ಲ" ಅಂದರು ವೈದ್ಯೆ. "ಔಷಧಿ ಕೊಟ್ಟಿದೀನಿ. ಸಿರಿಂಜಿನಲ್ಲಿ ಈ ಗಂಜಿ ಕುಡಿಸ್ತಿರಿ, ಹೊಟ್ಟೆ ನೀವ್ತಿರಿ. ಹಿಕ್ಕೆ ಬಿದ್ರೆ ಬದುಕ್ತು. ಸಂಜೆಯೊಳಗೆ ಬೀಳದಿದ್ರೆ ಮತ್ತೆ ಕರ್ಕೊಂಡು ಬನ್ನಿ."

ಮನೆಗೆ ಬಂದು ಇಬ್ಬರೂ ನೆಲದ ಮೇಲೆ ಕೂತರು. ದೊರೆ ಟವೆಲಿನಲ್ಲಿ, ಟವೆಲು ಅವಳ ಮಡಿಲಲ್ಲಿ, ಅಗ್ಗೇಶ ಸಿರಿಂಜು ಹಿಡಿದು ಎದುರಿಗೆ. ಲೋಕದಲ್ಲಿ ಜನ ಚಿನ್ನಕ್ಕೆ ಕಾದಿದ್ದಾರೆ, ಬಡ್ತಿಗೆ ಕಾದಿದ್ದಾರೆ. ಒಂದು ಹಿಕ್ಕೆಗಾಗಿ ಒಬ್ಬ ಗಂಡಸು ಮೊಲದ ಹಿಂಭಾಗದ ಮೇಲೆ ಕಣ್ಣು ನೆಟ್ಟು ಕಾದ ಉದಾಹರಣೆ ಇತಿಹಾಸದಲ್ಲಿ ಎಷ್ಟಿದೆಯೋ ಗೊತ್ತಿಲ್ಲ. ಒಂದು ಸಲ ಬಾಲ ಅಲ್ಲಾಡಿತು. ಅಗ್ಗೇಶ ಎರಡೂ ಕೈ ಬೊಗಸೆ ಮಾಡಿ ಒಡ್ಡಿದ. ಏನೂ ಬೀಳಲಿಲ್ಲ.

"ಏನಾದ್ರೂ ಹೇಳೇ" ಅಂದ. "ಬೈಯಾದ್ರೂ ಬೈಯಿ."

ಅವಳು ತಲೆ ಎತ್ತಲಿಲ್ಲ. ದನಿಯಲ್ಲಿ ಈ ಸಲ ಜೇನಿರಲಿಲ್ಲ, ಏನೂ ಇರಲಿಲ್ಲ. "ಆ ಕೋಣೆಯಲ್ಲಿ ನಾನು ಒಬ್ಬಳೇ ಇದ್ದಾಗ ನನಗೆ ಅಂತ ಇದ್ದಿದ್ದು ಇದೊಂದೇ ಕಣ್ರೀ."

ಅವಳ ಜೇನಿಗೆ ಸೋಫಾದ ಮದ್ದಿತ್ತು. ಈ ದನಿಗೆ ಮದ್ದಿರಲಿಲ್ಲ. ಅಗ್ಗೇಶ ಸಿರಿಂಜಿಗೆ ಮತ್ತೆ ಗಂಜಿ ತುಂಬಿದ. ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು.

ಬಾಗಿಲಲ್ಲಿ ಟೈ ಕಟ್ಟಿದ ಒಬ್ಬ ಮನುಷ್ಯ. ಒಂದು ಕೈಯಲ್ಲಿ ತೆರೆದ ಚೀಲ, ಚೀಲದ ತುಂಬ ಗುಳಿಗೆ, ಮುಖದ ತುಂಬ ಹಲ್ಲು.

"ನಮಸ್ಕಾರ ಸಾರ್! ಗುಳಿಗೆ ಕಂಪನಿಯಿಂದ. ಫಾರ್ಮ್ ನೋಡ್ಕೊಂಡು, ಆರ್ಡರ್ ತಗೊಂಡು ಹೋಗೋಣ ಅಂತ ಬಂದೆ. ವಿಳಾಸದಲ್ಲಿ ಮೂರನೇ ಮಹಡಿ ಅಂತಿತ್ತು… ಫಾರ್ಮ್ ಟೆರೇಸ್ ಮೇಲಿದೆಯಾ ಸಾರ್?"

ಹೇಳುತ್ತಲೇ ಒಳಗೆ ಬಂದವನ ಹಲ್ಲು ಒಂದೊಂದಾಗಿ ಒಳಗೆ ಹೋದವು. ನೆಲದ ಮೇಲೆ ಔಷಧಿ, ಮಡಿಲಲ್ಲಿ ಟವೆಲು, ಟವೆಲಿನಿಂದ ಇಳಿಬಿದ್ದ ಎರಡು ಕಿವಿ, ಎರಡು ಜೊತೆ ಕೆಂಪು ಕಣ್ಣು.

"ಸಾರ್… ಉಳಿದ ಮೊಲಗಳು?"

ಇನ್ನು ಸುಳ್ಳು ಸಾಕು ಅಂತ ಅಗ್ಗೇಶ ಅವತ್ತು ನಿರ್ಧರಿಸಿದ್ದ. ಅವನ ದುರದೃಷ್ಟ ನೋಡಿ, ನಿಜ ಹೇಳಲು ಅವನಿಗೆ ಸಿಕ್ಕ ಮಾತು ಇದು:

"ಇರೋದು ಇದೊಂದೇ ಕಣಪ್ಪ."

"ಒಂದೇ?!"

"ಒಂದೇ. ಇದೂ ಹೋದ್ರೆ…" ಅಗ್ಗೇಶ ಸಿರಿಂಜಿನ ತುದಿ ಒರೆಸತೊಡಗಿದ.

ಟೈ ಮನುಷ್ಯನ ಕೈಯಿಂದ ಚೀಲ ಧೊಪ್ಪನೆ ಬಿತ್ತು. ಗುಳಿಗೆಗಳು ನೆಲದ ತುಂಬ ಹರಡಿದವು. "ಆ ಸಾವಿರ?"

"ಸಾವಿರ ಇಲ್ಲ! ಒಂದೂ ಇಲ್ಲ!"

"ಅಯ್ಯೋ ದೇವರೇ! ಸಾರ್, ನಮ್ಮ ಮಾಲು… ಹಾಕಿದ್ರಾ?"

"ಹಾಕಿದ್ದೆ."

"ಹಾಕಿದ ಮೇಲೆ…?"

"ಹಾಕಿದ ಮೇಲೇ ಹೀಗಾಗಿದ್ದು!"

"ಯಾವ ಸಾವಿರ?" ಅಂತ ಹೆಂಡತಿ ತಲೆ ಎತ್ತುವಷ್ಟರಲ್ಲಿ ಟೈ ಮನುಷ್ಯ ಬಿಳಿಚಿಕೊಂಡು, ಫೋನು ಹಿಡಿದು ಹೊರಗಿನ ಮೆಟ್ಟಿಲಿಗೆ ಓಡಿದ್ದ. "ಸಾವಿರ ಸಾರ್! ಒಂದೇ ಉಳಿದಿದೆ ಸಾರ್! ಅದೂ ಈಗಲೋ ಆಗಲೋ ಸಾರ್!" ಅನ್ನುವ ಅವನ ಗೋಳು ಇಡೀ ಕಟ್ಟಡಕ್ಕೆ ಕೇಳಿಸಿತು. ಕೆಳಗಿನ ಮನೆಯ ಬಾಗಿಲು ತೆರೆದುಕೊಂಡಿತು.

"ರೀ" ಅಂದಳು ಹೆಂಡತಿ. "ನಿಮ್ಮ ಸಾವಿರ ಮೊಲಗಳ ವಿಷಯ ನನ್ನ ಗಮನಕ್ಕೆ ಬಂದಿರಲಿಲ್ಲ."

"ಅದು… ಸ್ಯಾಂಪಲ್‌ಗೋಸ್ಕರ…"

ಅವನು ವಾಕ್ಯ ಮುಗಿಸಲಿಲ್ಲ. ಟವೆಲು ಅಲುಗಿತು. ದೊರೆ ಮಡಿಲಿನಿಂದ ಇಳಿದು, ತೂರಾಡುತ್ತ, ನೆಲದ ಮೇಲೆ ಚೆಲ್ಲಿದ್ದ ಗುಳಿಗೆಗಳ ನಡುವೆ ಹೋಗಿ ನಿಂತಿತು. ಮೂಸಿತು. ಒಂದು ಸುತ್ತು ತಿರುಗಿತು. ಕೂತಿತು. ಗಂಡಹೆಂಡಿರು ಉಸಿರು ಬಿಗಿಹಿಡಿದರು.

ಟಪ್.

"ಬಿತ್ತು!" ಅಂತ ಚೀರಿದ ಅಗ್ಗೇಶ.

ಟಪ್. ಟಪ್ ಟಪ್.

"ಬಿತ್ತು ರೀ!" ಹೆಂಡತಿ ಅವನ ತೋಳು ಹಿಡಿದುಕೊಂಡಳು. ಅಗ್ಗೇಶ ಮೊಣಕಾಲೂರಿ, ಒಂದು ಹಿಕ್ಕೆಯನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು ನೋಡಿದ. ಅಕ್ಕಸಾಲಿಗನೂ ಮುತ್ತನ್ನು ಹಾಗೆ ನೋಡುವುದಿಲ್ಲ. ಕಣ್ಣಲ್ಲಿ ನೀರು ದಳದಳ. ದೊರೆ ಗುಳಿಗೆಯ ಮೇಲೆ ಕೂತು ಹುಲ್ಲಿನ ಕಡ್ಡಿಯೊಂದನ್ನು ಬಾಯಿಗೆಳೆದುಕೊಂಡಿತು. ಮೂರು ಕೊಟೇಶನ್ನುಗಳಲ್ಲಿ ಯಾವುದು ಸರಿ ಅಂತ ಕೊನೆಗೂ ಖರೀದಿಯ ಮುಖ್ಯಾಧಿಕಾರಿ ಸಹಿ, ಮೊಹರು ಎಲ್ಲ ಹಾಕಿಬಿಟ್ಟಿತ್ತು!

ಆಗ ಟೈ ಮನುಷ್ಯ ಒಳಗೆ ಬಂದ. ಮುಖ ಗಂಭೀರ. "ಸಾರ್, ಕಂಪನಿ ತೀರ್ಮಾನ ತಗೊಂಡಿದೆ. ಇನ್ನು ಮುಂದೆ ಮೊಲ ಸಾಕೋರಿಗೆ ನಮ್ಮ ಗುಳಿಗೆ ಒಂದು ಕಾಳೂ ಮಾರಲ್ಲ. ನಿಮಗಂತೂ ಜನ್ಮದಲ್ಲಿ ಮಾರಲ್ಲ."

"ಬೇಕಪ್ಪಾ! ಅದೇ ಬೇಕು! ನೋಡಿಲ್ಲಿ, ಹಿಕ್ಕೆ! ಕಾಸು ಕೊಡ್ತೀನಿ, ಪೂರ್ತಿ ಬೆಲೆ ಕೊಡ್ತೀನಿ!" ಅಗ್ಗೇಶನ ಬಾಯಿಂದ 'ಪೂರ್ತಿ ಬೆಲೆ' ಅನ್ನುವ ಪದ ಹೊರಟದ್ದು ಅದೇ ಮೊದಲು.

"ನಿಮ್ಮ ದೊಡ್ಡ ಮನಸ್ಸು ಸಾರ್" ಅಂತ ಟೈ ಮನುಷ್ಯ ಬಗ್ಗಿ, ದೊರೆಯನ್ನು ಗೌರವದಿಂದ ಪಕ್ಕಕ್ಕೆ ಸರಿಸಿ, ಗುಳಿಗೆಗಳನ್ನೆಲ್ಲ ಹೆಕ್ಕಿ ಹೆಕ್ಕಿ ಚೀಲಕ್ಕೆ ತುಂಬತೊಡಗಿದ.

"ಅಯ್ಯೋ, ಸುಳ್ಳು ಕಣಯ್ಯಾ! ನಾನು ಹೇಳಿದ್ದೆಲ್ಲ ಸುಳ್ಳು! ಸಾವಿರ ಮೊಲ ಇರಲೇ ಇಲ್ಲ! ಫಾರ್ಮೇ ಇಲ್ಲ!"

ಟೈ ಮನುಷ್ಯ ಅವನ ಬೆನ್ನು ಸವರಿದ. ಆಮೇಲೆ ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಅಂದ, "ದುಃಖ ತಲೆಗೇರಿಬಿಟ್ಟಿದೆ ಅಮ್ಮ. ಸ್ವಲ್ಪ ನೋಡ್ಕೊಳ್ಳಿ."

ಒಂದೇ ಮಾತಿನಲ್ಲಿ ಅವಳು ಎಲ್ಲವನ್ನೂ ಸರಿಮಾಡಬಹುದಿತ್ತು. ಅವಳು ಗಂಡನನ್ನು ನೋಡಿದಳು. ವೈದ್ಯೆಯ ಬಳಿಯಿಂದ ತಾನೇ ತಂದು ಮೇಜಿನ ಮೇಲಿಟ್ಟಿದ್ದ, ಹಲ್ಲು ಕಿರಿಯುತ್ತಿದ್ದ ಬೆಕ್ಕನ್ನು ನೋಡಿದಳು.

"ಹೌದು ಸಾರ್" ಅಂದಳು ಜೇನು ಸುರಿಸುತ್ತ. "ಬಹಳ ದಿನದಿಂದ ಹೀಗೇ ಇದ್ದಾರೆ."

ಮುಂದಿನ ಭಾನುವಾರ ಬಾಗಿಲ ಮುಂದೆ ಒಂದು ದೊಡ್ಡ ಬುಟ್ಟಿ ಇತ್ತು. ಟೈ ಮನುಷ್ಯ ಮೆಟ್ಟಿಲಿನಿಂದಲೇ ಕೈ ಮುಗಿದ. "ಕಂಪನಿಯವರೆಲ್ಲ ಸೇರಿ ಕಳಿಸಿದ್ದು ಸಾರ್. ಪೂರ್ತಿ ಉಚಿತ. ಕುಗ್ಗಬೇಡಿ, ಮತ್ತೆ ಮೊದಲಿಂದ ಶುರು ಮಾಡಿ!" ಅಂದವನು ಉತ್ತರಕ್ಕೂ ನಿಲ್ಲದೆ ಇಳಿದುಹೋದ. ಬುಟ್ಟಿಯ ಮುಚ್ಚಳ ತೆಗೆದರೆ ಮೂರು ಹೆಣ್ಣು ಮೊಲಗಳು. ಅದರಲ್ಲೊಂದು ಅನುಮಾನಾಸ್ಪದವಾಗಿ ದುಂಡಗಿತ್ತು. ಅಗ್ಗೇಶ ಬುಟ್ಟಿ ಎತ್ತಿಕೊಂಡು ಅವನ ಹಿಂದೆ ಓಡುವಷ್ಟರಲ್ಲಿ, ದುಂಡಗಿನದು ಹೆಂಡತಿಯ ಮಡಿಲು ಸೇರಿ ಮೂಗು ಅಲ್ಲಾಡಿಸಿಯಾಗಿತ್ತು. ಜೀವಮಾನವಿಡೀ ಉಚಿತ ಉಚಿತ ಅಂತ ಜಪಿಸಿದವನಿಗೆ ಕೊನೆಗೂ ಸಿದ್ಧಿಯಾಗಿತ್ತು!

ಕೆಲವು ವಾರದ ಮೇಲೆ ಅಗ್ಗೇಶ ಅದೇ ಸಾಕುಪ್ರಾಣಿ ಅಂಗಡಿಯಲ್ಲಿ, ಅದೇ ದುಬಾರಿ ಕಾಗದದ ಹಾಸಿನ ಚೀಲವನ್ನು ಹೆಗಲಿಗೆ ಹೊತ್ತು ನಿಂತಿದ್ದ. ಚೌಕಾಸಿ ಮಾಡಲಿಲ್ಲ. ಅಂಗಡಿಯವನಿಗೇ ಗಾಬರಿಯಾಯಿತು.

"ಏನ್ ಸಾರ್, ಇಷ್ಟು ಬೇಗ ಖಾಲಿಯಾಯ್ತಾ? ಎಷ್ಟು ಮೊಲ ಇವೆ ನಿಮ್ಮಲ್ಲಿ?"

ಈ ಸಲ ನಿಜವನ್ನೇ ಹೇಳಬೇಕು ಅಂತ ಅಗ್ಗೇಶ ಬಾಯಿ ತೆರೆದ. "ನಾಲ್ಕು" ಅನ್ನುವಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ. ದನಿಯಲ್ಲಿ ಜೇನಿಲ್ಲ, ಬರೀ ಸಂಭ್ರಮ. "ರೀ, ಎಲ್ಲಿದ್ದೀರಿ? ಆ ದುಂಡಗಿದ್ದಳಲ್ಲ… ಒಂದು, ಎರಡು, ಮೂರು… ತಾಳಿ ತಾಳಿ, ಇನ್ನೂ ಬರ್ತಿವೆ!"

ಅಗ್ಗೇಶ ಫೋನು ಜೇಬಿಗಿಟ್ಟ. ಇನ್ನೊಂದು ಚೀಲವನ್ನು ಇನ್ನೊಂದು ಹೆಗಲಿಗೆ ಏರಿಸಿಕೊಂಡ.

"ಇಷ್ಟೇ ಅಂತ ಸರಿಯಾಗಿ ಹೇಳಕ್ಕಾಗಲ್ಲ ಕಣಪ್ಪ" ಅಂದ ಸೋತ ದನಿಯಲ್ಲಿ. "ಹೇಳೋ ಹೊತ್ತಿಗೆ ಹೆಚ್ಚಾಗಿರತ್ತೆ."